ಸ್ಕಾರ್ಪಿಯೊ ಗಾಡಿಯ ಡಿಕ್ಕಿಗೆ ಸಾಮಾನಿನ ಎರಡು ಡ್ರಾಯರ್: ಒಂದೇ ಪೆಟ್ಟಿಗೆ ಎರಡು ಸಲ ಕಟ್ಟಿದ ಲೆಕ್ಕ

ಗಾಡಿ: ಹಳೆಯ ತಲೆಮಾರಿನ ಮಹೀಂದ್ರ ಸ್ಕಾರ್ಪಿಯೊ, 4×4, ಹಿಂದೆ ಎದುರುಬದುರು ಮಡಚುವ ಸೀಟುಗಳ ಮಾದರಿ. ನಡುವಿನ ಸಾಲಿನ ಸೀಟು ಇದ್ದ ಹಾಗೇ ಇದೆ. ಹಿಂದಿನ ಮಡಚು ಸೀಟು ಬಿಚ್ಚಿದ ಜಾಗದಲ್ಲಿ ಪೆಟ್ಟಿಗೆ ಕೂತಿದೆ.

ಈಗ ಗಾಡಿಯಲ್ಲಿರುವುದು: 980 ಅಗಲ, 920 ಆಳ, 260 ಎತ್ತರದ ಪೆಟ್ಟಿಗೆ, ಪಕ್ಕಪಕ್ಕ ಎರಡು ಡ್ರಾಯರ್, ಖಾಲಿ ತೂಕ 41 ಕೆಜಿ, ಖರ್ಚು ₹11,330. ಇದಕ್ಕೆ ಮೊದಲು ಕಟ್ಟಿ ಬಿಸಾಕಿದ್ದು 62 ಕೆಜಿ ತೂಗುತ್ತಿತ್ತು, ₹13,800 ತಿಂದಿತ್ತು. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ. ಇವು ಈ ಒಂದು ಗಾಡಿಯ ಅಳತೆ. ನಿಮ್ಮದೂ ಸ್ಕಾರ್ಪಿಯೊ ಆದರೂ ಟೇಪು ಹಿಡಿಯದೆ ಶೀಟ್ ಕತ್ತರಿಸಬೇಡಿ.

ಮೊದಲೇ ಒಂದು ಮಾತು. ಆಸನಗಳ ಸಂಖ್ಯೆ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ನಮೂದಾಗಿರುತ್ತದೆ. ಆರ್‌ಸಿಯ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಆದ್ದರಿಂದ ಸೀಟನ್ನು ಕಾಯಂ ತೆಗೆಯುವ ಯೋಚನೆ ಇದ್ದರೆ ಮೊದಲು ಆರ್‌ಟಿಓ ಕಚೇರಿ, ಆಮೇಲೆ ಪ್ಲೈವುಡ್ ಅಂಗಡಿ. ಇಲ್ಲಿ ಇಟ್ಟುಕೊಂಡ ನಿಯಮ ಎರಡೇ: ಬಾಡಿಗೆ ಒಂದೂ ಹೊಸ ತೂತು ಕೊರೆಯಬಾರದು, ಮತ್ತು ನಾಲ್ಕು ಬೋಲ್ಟ್ ಬಿಚ್ಚಿದರೆ ಪೆಟ್ಟಿಗೆ ಈಚೆ ಬಂದು ಸೀಟು ವಾಪಸ್ ಕೂರಬೇಕು. ಮೊದಲನೇ ನಿಯಮಕ್ಕೆ ಇನ್ನೊಂದು ಕಾರಣವೂ ಇದೆ. ನೆಲದ ತಗಡಿನ ಕೆಳಗೆ ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹಾದಿವೆ ಎಂದು ಮೇಲಿನಿಂದ ಕಾಣುವುದಿಲ್ಲ.

ಹಂತ 1: ಅಳತೆ

ಎರಡು ಚಕ್ರದ ಉಬ್ಬುಗಳ ನಡುವೆ: 1010.
ನೆಲಮಟ್ಟದಲ್ಲಿ ನಡುವಿನ ಸೀಟಿನಿಂದ ಹಿಂಬಾಗಿಲವರೆಗೆ: 1010.
ನೆಲದಿಂದ 260 ಎತ್ತರದಲ್ಲಿ ಅದೇ ಅಳತೆ: 945.

ಈ ಮೂರನೆಯದನ್ನು ಮೊದಲ ಸಲ ತೆಗೆದುಕೊಂಡಿರಲಿಲ್ಲ. ಸೀಟಿನ ಬೆನ್ನು ಹಿಂದಕ್ಕೆ ಒರಗಿರುತ್ತದೆ, ಎತ್ತರ ಹೋದಂತೆ ಜಾಗ ಕಡಿಮೆಯಾಗುತ್ತದೆ. ನೆಲದ ಅಳತೆ ನಂಬಿ 980 ಆಳ ಕಟ್ಟಿದ ಮೊದಲ ಪೆಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿ ನಿಂತು, ಸೀಟು ಒಂದು ಹಲ್ಲು ಮುಂದಕ್ಕೆ ಲಾಕ್ ಆಗುವ ಹಾಗಾಯಿತು. ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಪೆಟ್ಟಿಗೆ ಬರುವ ಎತ್ತರದಲ್ಲೇ ಅಳೆಯಿರಿ.

ಹಿಂಬಾಗಿಲ ಒಳಗಿನ ಪ್ಲಾಸ್ಟಿಕ್ ಟ್ರಿಮ್ ಕೂಡ ಒಳಕ್ಕೆ ಉಬ್ಬಿದೆ. ಅದು ಮುಚ್ಚಿದಾಗ ಎಲ್ಲಿಗೆ ಬರುತ್ತದೆಂದು ತಿಳಿಯಲು ಸುಲಭದ ಉಪಾಯ: ಒಂದು ಥರ್ಮೋಕೋಲ್ ತುಂಡನ್ನು ನಿಲ್ಲಿಸಿ ಬಾಗಿಲು ಮುಚ್ಚುವುದು. ಒತ್ತಿದ ಗುರುತೇ ಅಳತೆ. ಡ್ರಾಯರಿನ ಹಿಡಿ, ಲಾಕ್ ಎಲ್ಲ ಸೇರಿ ಈ ಗುರುತಿನಿಂದ 15 ಒಳಗೇ ಇರಬೇಕು.

ಜ್ಯಾಕ್, ವೀಲ್ ಸ್ಪ್ಯಾನರ್, ಸ್ಟೆಪ್ನಿ ಇಳಿಸುವ ರಾಡ್ ಮೂರೂ ಡ್ರಾಯರಿನ ಹೊರಗಿರಲಿ. ಗಾಡಿ ವಾಲಿ ನಿಂತಾಗ ಡ್ರಾಯರ್ ಕಚ್ಚಿಕೊಂಡರೆ ಜ್ಯಾಕ್ ಅದರೊಳಗೇ ಉಳಿಯುತ್ತದೆ.

ಹಂತ 2: ಮೊದಲ ಪೆಟ್ಟಿಗೆ, ಅದು ಹಾಳಾದ ಬಗೆ

18 ಮಿ.ಮೀ. ಪ್ಲೈ ಎರಡು ಶೀಟ್. ಎತ್ತರ 290. ಡ್ರಾಯರ್ ಗೋಲಿಗಳ ಮೇಲೆ ಓಡುವ 24 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ ಎರಡು ಜೋಡಿ, ಅಡುಗೆಮನೆಗೆ ಹಾಕುವಂಥದೇ, ಜೋಡಿಗೆ 45 ಕೆಜಿ ಎಂದು ಬರೆದದ್ದು. ಕಟ್ಟಿದ್ದು ಬಡಗಿಯ ಕೈಯಲ್ಲಿ. ಮನೆಯಲ್ಲಿ ನಿಲ್ಲಿಸಿ ಎಳೆದಾಗ ಬೆಣ್ಣೆಯಂತೆ ಬಂತು.

400 ಕಿ.ಮೀ. ಓಡಿತು. ಅದರಲ್ಲಿ 40 ಕಿ.ಮೀ. ಸಕಲೇಶಪುರದ ಕಡೆಯ ತೋಟದ ಮಣ್ಣುದಾರಿ. ಬಿಚ್ಚಿ ನೋಡಿದಾಗ ಕಂಡದ್ದು:

ಎಡ ಡ್ರಾಯರಿನ ಚಾನೆಲ್ಲಿನಲ್ಲಿ ಗೋಲಿಗಳನ್ನು ಹಿಡಿದಿಡುವ ತೆಳು ತಗಡು ಬಾಗಿ ಏಳು ಗೋಲಿ ಬಿದ್ದುಹೋಗಿದ್ದವು. 45 ಕೆಜಿ ಎನ್ನುವುದು ಗೋಡೆಗೆ ನಿಂತ ಕಪಾಟಿನ ಲೆಕ್ಕ. ಡ್ರಾಯರ್ ಮುಚ್ಚಿಯೇ ಇದ್ದರೂ ಪೂರ್ತಿ ತೂಕ ಆ ಗೋಲಿಗಳ ಮೇಲೇ ಕೂತು, ಪ್ರತಿ ಹೊಂಡಕ್ಕೂ ಅದೇ ಜಾಗಕ್ಕೆ ಪೆಟ್ಟು ಬೀಳುತ್ತದೆ.

ಚಾನೆಲ್ಲಿನ ಗ್ರೀಸಿಗೆ ಕೆಂಪು ದೂಳು ಸೇರಿ ರುಬ್ಬಿದ ಹಾಗಾಗಿತ್ತು. ತೊಳೆದು ಗ್ರೀಸ್ ಹಚ್ಚಿದ್ದು ಎರಡನೇ ತಪ್ಪು, ಮುಂದಿನ ಸಲ ದೂಳು ಇನ್ನೂ ಚೆನ್ನಾಗಿ ಅಂಟಿತು.

ಬಲ ಡ್ರಾಯರ್ ಅರ್ಧಕ್ಕೇ ಬಿಗಿಯಾಗುತ್ತಿತ್ತು. ಟೇಪು ಹಿಡಿದರೆ ಖಾನೆಯ ಅಗಲ ಮುಂದೆ 463, ಹಿಂದೆ 460. ಕಾರಣ ಬಡಗಿಗೆ ಕೊಟ್ಟ ಚೀಟಿ. ಇಲ್ಲಿ ಮಿಲಿಮೀಟರಿನಲ್ಲಿ ಬರೆದದ್ದನ್ನು ಅಲ್ಲಿ ಇಂಚು ಮತ್ತು ನೂಲಿಗೆ ಬದಲಿಸಿಕೊಂಡು ಕತ್ತರಿಸಿದ್ದಾರೆ. ಒಂದು ನೂಲು ಅಂದರೆ ಮೂರು ಮಿ.ಮೀ.ಗೂ ತುಸು ಹೆಚ್ಚು. ಕಪಾಟಿಗೆ ಅದು ಏನೂ ಅಲ್ಲ, ಚಾನೆಲ್ಲಿಗೆ ಅದೇ ಎಲ್ಲ. ತಪ್ಪು ಅವರದಲ್ಲ. ಚೀಟಿಯ ಜೊತೆ ಮಿ.ಮೀ. ಟೇಪನ್ನೂ ಕೊಟ್ಟು, ಮೊದಲ ತುಂಡು ಕತ್ತರಿಸುವಾಗ ಪಕ್ಕದಲ್ಲಿ ನಿಲ್ಲಬೇಕಿತ್ತು.

ಇನ್ನು ಲಾಕ್. ಹಾಕಿದ್ದು ಕಪಾಟಿನ ಅಯಸ್ಕಾಂತದ ಕ್ಯಾಚರ್. ಮೊದಲ ಏರಿನಲ್ಲೇ ಎರಡೂ ಡ್ರಾಯರ್ ಹಿಂದಕ್ಕೆ ಜಾರಿ ಬಾಗಿಲ ಟ್ರಿಮ್ಮಿಗೆ ಗುದ್ದಿವೆ. ಎರಡು ಗೀರು ಈಗಲೂ ಇವೆ.

ಗುಜರಿ ಅಂಗಡಿಯ ಕಾಟಾ ಮೇಲೆ ಇಟ್ಟಾಗ 62 ಕೆಜಿ. ಸಾಮಾನು ತುಂಬುವ ಮೊದಲೇ ಒಬ್ಬ ಆಳನ್ನು ಹಿಂದೆ ಕೂರಿಸಿಕೊಂಡು ಓಡಾಡಿದಂತೆ. 18 ಮಿ.ಮೀ. ಪ್ಲೈ ಬೇಕೇ ಬೇಕು ಎನ್ನುವುದು ಮನೆಯ ವಾರ್ಡ್‌ರೋಬ್ ನೋಡಿ ಬಂದ ಅಭ್ಯಾಸ. ಇಷ್ಟು ಸಣ್ಣ ಪೆಟ್ಟಿಗೆಗೆ, ನಡುವೆ ಒಂದು ಹಲಗೆ ನಿಂತಿರುವಾಗ, 12 ಸಾಕು.

ವಾಹನಕ್ಕೆಂದೇ ಮಾಡಿದ, ಎರಡೂ ತುದಿಯಲ್ಲಿ ಲಾಕ್ ಆಗುವ ಉದ್ದನೆಯ ಹೆವಿ ಡ್ಯೂಟಿ ಸ್ಲೈಡ್ ಸಿಗುತ್ತವೆ, ಕೆಲಸವೂ ಚೆನ್ನಾಗಿದೆ. ಎರಡು ಜೋಡಿಗೆ ಕೇಳಿದ ಬೆಲೆ ಈಗಿನ ಪೂರ್ತಿ ಪೆಟ್ಟಿಗೆಯ ಖರ್ಚನ್ನು ಮೀರಿತ್ತು, ಅವುಗಳ ಸ್ವಂತ ತೂಕವೂ ಕಡಿಮೆಯಲ್ಲ. ಹಾಗಾಗಿ ಎರಡನೇ ಸಲ ಚಾನೆಲ್ಲನ್ನೇ ಕೈಬಿಟ್ಟು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಾರುವ ಡ್ರಾಯರ್ ಮಾಡಿದ್ದು. ಇದರಲ್ಲಿ ಗೋಲಿ ಇಲ್ಲ, ಗ್ರೀಸ್ ಇಲ್ಲ. ಡ್ರಾಯರ್ ಪೂರ್ತಿ ಹೊರಗೆ ಬರುವುದಿಲ್ಲ, ಮೂರನೇ ಒಂದು ಪಾಲು ಒಳಗೇ ಉಳಿಯುತ್ತದೆ ಎನ್ನುವುದೊಂದೇ ಕೊರತೆ.

ಹಂತ 3: ಎರಡನೇ ಪೆಟ್ಟಿಗೆಯ ಕತ್ತರಿಕೆ

ಪ್ಲೈ ಬಿಡಬ್ಲ್ಯೂಪಿ (ಕುದಿನೀರಿಗೂ ಪದರ ಬಿಡದ) ದರ್ಜೆಯದು, ಐಎಸ್ 710 ಮುದ್ರೆ ಇರುವುದು. ಅಂಗಡಿಯಲ್ಲಿ ‘ಸೆವೆನ್ ಟೆನ್’ ಎಂದರೆ ಗೊತ್ತಾಗುತ್ತದೆ. ಮುದ್ರೆ ನೋಡಿ ಸುಮ್ಮನಾಗದೆ ಶೀಟಿನ ನಾಲ್ಕೂ ಅಂಚು ನೋಡಿ. ಪದರಗಳ ನಡುವೆ ಕಪ್ಪು ಸಂದು ಕಂಡರೆ ಅಲ್ಲಿ ಟೊಳ್ಳಿದೆ, ಸ್ಕ್ರೂ ಹಿಡಿಯುವುದಿಲ್ಲ. ಶೀಟನ್ನು ನೆಲಕ್ಕೆ ಮಲಗಿಸಿ ಬಾಗಿದೆಯೇ ಎಂದೂ ನೋಡಿ.

12 ಮಿ.ಮೀ., 8×4 ಅಡಿಯ ಒಂದೇ ಶೀಟಿನಿಂದ:
ಮೇಲ್ಹಲಗೆ 980×900, ಒಂದು.
ನಿಲುಹಲಗೆ 920×239, ಮೂರು.
ಡ್ರಾಯರಿನ ಬದಿ 880×220, ನಾಲ್ಕು.
ಡ್ರಾಯರಿನ ಒಳಮುಖ 440×220, ಎರಡು.
ಡ್ರಾಯರಿನ ಹಿಂಬದಿ 440×160, ಎರಡು.

9 ಮಿ.ಮೀ., 6×4 ಅಡಿಯ ಶೀಟಿನಿಂದ:
ತಳಹಲಗೆ 980×920, ಒಂದು.
ಡ್ರಾಯರಿನ ತಳ 880×464, ಎರಡು.

ಡ್ರಾಯರಿನ ಹೊರಮುಖ ಎರಡು ಮತ್ತು ಪೆಟ್ಟಿಗೆಯ ಸೀಟಿನ ಬದಿಗೆ 980×100ರ ಪಟ್ಟಿ ಒಂದು, ಇವು ಹಳೆಯ 18 ಮಿ.ಮೀ. ಪೆಟ್ಟಿಗೆಯಿಂದ ಕತ್ತರಿಸಿದವು.

8×4 ಶೀಟಿನಲ್ಲಿ ಇವೆಲ್ಲ ಹಿಡಿಯುತ್ತವೆ, ಆದರೆ ಬಿಗಿಯಾಗಿ. ಮೇಲ್ಹಲಗೆಯ 980ರ ಬದಿ ಶೀಟಿನ ಅಗಲಕ್ಕೆ ಬರಲಿ. ಪಕ್ಕದಲ್ಲಿ ಉಳಿಯುವ 240ರ ಪಟ್ಟಿಯಲ್ಲಿ ಒಂದು ಡ್ರಾಯರ್ ಬದಿ ಸಿಗುತ್ತದೆ. ಗರಗಸ ತಿನ್ನುವ 3 ಮಿ.ಮೀ.ಯನ್ನು ಪ್ರತಿ ಗೆರೆಗೂ ಲೆಕ್ಕ ಹಿಡಿದು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸುತ್ತಮುತ್ತ ಪ್ಯಾನೆಲ್ ಸಾ (ಶೀಟು ನೇರ ಕೊಯ್ಯುವ ಯಂತ್ರ) ಇರುವ ಕಡೆ ಕತ್ತರಿಸಿ ಕೊಡುತ್ತಾರೆ. ಎಲ್ಲ ತುಂಡಿಗೂ ಸೇರಿ ₹800 ಆಯಿತು. ಕೈಗರಗಸದಲ್ಲಿ ಒಂದು ದಿನ ಕೂತು ಮಾಡಿದರೂ ಆ ನೇರ ಬರುವುದಿಲ್ಲ.

ಎತ್ತರದ ಲೆಕ್ಕ ಹೀಗೆ: ನಿಲುಹಲಗೆ 239. ಅದರಲ್ಲಿ ಪ್ಲಾಸ್ಟಿಕ್ ಪಟ್ಟಿ 6, ಡ್ರಾಯರಿನ ಅಡಿಗೆ ಸನ್‌ಮೈಕಾ 1, ತಳ 9, ಬದಿ 220. ಉಳಿಯುವ ಸಂದು 3. ಡ್ರಾಯರನ್ನು ಹೊರಗೆಳೆದಾಗ ಅದರ ಹಿಂಭಾಗ ಮೇಲೆದ್ದು ಮೇಲ್ಹಲಗೆಗೆ ತಗಲಿ ನಿಲ್ಲುವುದರಿಂದ ಈ ಸಂದು ಹೆಚ್ಚಾದಷ್ಟೂ ಡ್ರಾಯರ್ ಮೂತಿ ಕೆಳಗೆ ಹಾಕುತ್ತದೆ. 5ಕ್ಕಿಂತ ಮೇಲೆ ಹೋಗಬೇಡಿ.

ಹಂತ 4: ಜೋಡಣೆ

12 ಮಿ.ಮೀ. ಪ್ಲೈಯ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರ ಬಿಡುತ್ತದೆ. ಮೊದಲ ಎರಡು ಸ್ಕ್ರೂ ಹಾಗೇ ಹೋದವು. ಆಮೇಲೆ 2.5ರ ಡ್ರಿಲ್ ಬಿಟ್ಟಿನಿಂದ ತೂತು, 3.5×40ರ ಸ್ಕ್ರೂ, 100 ಮಿ.ಮೀ.ಗೊಂದು, ಸಂದಿಗೆಲ್ಲ ನೀರು ತಡೆಯುವ ಮರೈನ್ ಫೆವಿಕಾಲ್. ಅಂಚಿನ ತುದಿಯಿಂದ 30 ಬಿಟ್ಟೇ ಮೊದಲ ಸ್ಕ್ರೂ. ಡ್ರಾಯರಿನ ನಾಲ್ಕು ಮೂಲೆಗೆ ಒಳಗಿನಿಂದ 20×20ರ ತೇಗದ ರೀಪು ಕೊಟ್ಟಿದೆ, ಅಲ್ಲಿ ಸ್ಕ್ರೂ ಅಂಚಿಗಲ್ಲ, ರೀಪಿಗೆ ಕಚ್ಚುತ್ತದೆ.

ಅಂಟು ಹಸಿ ಇರುವಾಗಲೇ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಪೆಟ್ಟಿಗೆಯ ತಳಕ್ಕೆ ಎರಡೂ ಕರ್ಣ 1344 ಬರಬೇಕು, ಡ್ರಾಯರಿಗೆ 995. ಎರಡರ ನಡುವೆ 2 ಮಿ.ಮೀ. ವ್ಯತ್ಯಾಸ ಇದ್ದರೂ ಉದ್ದ ಬಂದ ಕರ್ಣದ ಕಡೆ ಒತ್ತಿ ಸರಿ ಮಾಡಿ, ಆಮೇಲೆ ಹಗ್ಗ ಬಿಗಿದು ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ.

ಸೀಟಿನ ಬದಿಯ 980×100 ಪಟ್ಟಿ ಸಣ್ಣದು ಎಂದು ಬಿಡಬೇಡಿ. ಅದಿಲ್ಲದೆ ಪೆಟ್ಟಿಗೆ ಬೆಂಕಿಪೊಟ್ಟಣದ ಹೊರಕವಚದಂತೆ ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಪಟ್ಟಿಯನ್ನು ಕೆಳಭಾಗಕ್ಕೇ ಹಾಕಿ, ಅಲ್ಲಿ ಸೀಟಿನ ಬೆನ್ನು ದೂರವಿರುತ್ತದೆ.

ಎಲ್ಲ ತುಂಡಿಗೂ, ಮುಖ್ಯವಾಗಿ ಅಂಚುಗಳಿಗೆ, ಪಿಯು (ಪಾಲಿಯುರೆಥೇನ್) ಪಾಲಿಶ್ ಎರಡು ಕೋಟ್. ನೀರು ಹೊಗುವುದು ಅಂಚಿನಿಂದ, ಮುಖದಿಂದಲ್ಲ.

ಹಂತ 5: ಜಾರುವ ಪಟ್ಟಿ

6 ಮಿ.ಮೀ. ದಪ್ಪದ ಬಿಳಿ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ. ಅಡುಗೆಮನೆಯ ಬಿಳಿ ಕಟಿಂಗ್ ಬೋರ್ಡ್ ಕೂಡ ಸಾಮಾನ್ಯವಾಗಿ ಇದೇ ಮಾಲು. 40 ಅಗಲದ ಪಟ್ಟಿ ಕತ್ತರಿಸಿ ಒಂದೊಂದು ಖಾನೆಗೆ ಎರಡರಂತೆ, ಡ್ರಾಯರಿನ ಬದಿಹಲಗೆಗಳ ನೇರ ಕೆಳಗೆ ಬರುವ ಹಾಗೆ ತಳಕ್ಕೆ ಸ್ಕ್ರೂ ಮಾಡಿದ್ದು. ಡ್ರಾಯರಿನ ಅಡಿಗೆ ಅದೇ ಸಾಲಿನಲ್ಲಿ ನುಣುಪು ಸನ್‌ಮೈಕಾದ ಪಟ್ಟಿ. ಸ್ಕ್ರೂ ತಲೆ ಪ್ಲಾಸ್ಟಿಕ್ ಮಟ್ಟಕ್ಕಿಂತ 2 ಮಿ.ಮೀ. ಕೆಳಗೆ ಹೋಗಬೇಕು, ಇಲ್ಲದಿದ್ದರೆ ಸನ್‌ಮೈಕಾ ಸೀಳುತ್ತದೆ.

ಇಲ್ಲಿ ಆದ ತಪ್ಪು ಯಾರಿಗೂ ಹೊಳೆಯದಂಥದು. 900 ಉದ್ದದ ಪಟ್ಟಿಯನ್ನು ಎರಡೂ ತುದಿ ಬಿಗಿದು ಕೂರಿಸಲಾಗಿತ್ತು. ಬೆಳಗ್ಗೆ ಚೆನ್ನಾಗಿ ಜಾರಿದ ಡ್ರಾಯರ್, ಏಪ್ರಿಲ್ ಬಿಸಿಲಲ್ಲಿ ಎರಡು ಗಂಟೆ ಗಾಡಿ ನಿಂತ ಮೇಲೆ ಅಲುಗಲಿಲ್ಲ. ಖಾಲಿ ಮಾಡಿ ಒಳಗೆ ಟಾರ್ಚ್ ಬಿಟ್ಟರೆ ಪಟ್ಟಿ ಅಲೆಯಂತೆ ನಡುವೆ ಎದ್ದಿದೆ. ಎಚ್‌ಡಿಪಿಇ ಬಿಸಿಗೆ ಮರಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. 30 ಡಿಗ್ರಿ ಏರಿದರೆ 900 ಉದ್ದಕ್ಕೆ ನಾಲ್ಕು ಮಿ.ಮೀ. ಆಸುಪಾಸು. ಹೋಗಲು ಜಾಗವಿಲ್ಲದೆ ಮೇಲೆದ್ದಿದೆ.

ಪರಿಹಾರ: ಪ್ರತಿ ಪಟ್ಟಿಯನ್ನೂ 296ರ ಮೂರು ತುಂಡು ಮಾಡಿ, ತುಂಡುಗಳ ನಡುವೆ 3 ಮಿ.ಮೀ. ಸಂದು ಬಿಟ್ಟು, ತುಂಡಿಗೆ ಒಂದು ಸ್ಕ್ರೂ ಬಿಗಿ, ಇನ್ನೊಂದಕ್ಕೆ ಉದ್ದನೆಯ ತೂತು. ತುಂಡಿನ ಮೂತಿಯ ಅಂಚನ್ನು ಉಳಿಯಿಂದ ಓರೆ ಹೊಡೆದಿದೆ, ಡ್ರಾಯರ್ ತಡವರಿಸುವುದಿಲ್ಲ. ಆಮೇಲೆ ಬೇಸಿಗೆಯಲ್ಲೂ ತೊಂದರೆ ಬಂದಿಲ್ಲ.

20 ಕೆಜಿ ಸಾಮಾನು ತುಂಬಿ, ಲಗೇಜು ತೂಗುವ ಕೊಕ್ಕೆ ಸಿಕ್ಕಿಸಿ ಎಳೆದಾಗ ಸುಮಾರು 6 ಕೆಜಿ ತೋರಿಸಿತು. ಪಟ್ಟಿ ಇಲ್ಲದೆ ಪ್ಲೈ ಮೇಲೆ ಪ್ಲೈ ಎಳೆದಾಗ ಅದರ ಎರಡು ಪಟ್ಟು. ಗೋಲಿ ಚಾನೆಲ್ಲಿನ ಸುಖ ಇದರಲ್ಲಿಲ್ಲ, ನಿಜ. ಏರಿನಲ್ಲಿ ತಾನಾಗಿ ಓಡಿಬರುವುದೂ ಇಲ್ಲ, ಅದು ಲಾಭ. ಬದಿಹಲಗೆಗಳ ಹಿಂತುದಿಯ ಮೇಲಂಚಿಗೆ ಮೇಣದಬತ್ತಿ ಉಜ್ಜಿದರೆ ಕಿರ್ರ್ ಎನ್ನುವುದು ನಿಲ್ಲುತ್ತದೆ. ಎಣ್ಣೆ, ಗ್ರೀಸ್ ಬೇಡವೇ ಬೇಡ.

ಹಂತ 6: ಗಾಡಿಗೆ ಕೂರಿಸುವುದು

ಈ ಹಂತಕ್ಕೆ ಅರ್ಧ ದಿನ ಅಂದುಕೊಂಡದ್ದು ಮೂರು ದಿನ ಆಯಿತು.

ಮಡಚು ಸೀಟು ಬಿಚ್ಚಿದ ಬೋಲ್ಟಿನ ತೂತುಗಳೇ ಆಧಾರ. ಮನುಷ್ಯ ಕೂರಲೆಂದು ಕಂಪನಿಯವರೇ ಬಲ ಕೊಟ್ಟ ಜಾಗ ಅವು. ಹಳೆಯ ಬೋಲ್ಟನ್ನೇ ಮಾದರಿಗೆ ಒಯ್ದು, ಅದೇ ಪಿಚ್ಚಿನ (ಥ್ರೆಡ್ಡಿನ ಅಂತರ), ಗಟ್ಟಿತನದಲ್ಲಿ 8.8 ಗ್ರೇಡಿನದು, ಬ್ರಾಕೆಟ್ಟಿನ ದಪ್ಪದಷ್ಟು ಹೆಚ್ಚು ಉದ್ದದ್ದು ತನ್ನಿ. ಅಂದಾಜಿನ ಮೇಲೆ ತಂದು ತಿರುಪಿದರೆ ಬಾಡಿಯ ಒಳಗಿನ ನಟ್ಟಿನ ಥ್ರೆಡ್ ಹೋಗುತ್ತದೆ, ಅದನ್ನು ಸರಿಮಾಡುವುದು ಇಡೀ ಪೆಟ್ಟಿಗೆ ಕಟ್ಟುವುದಕ್ಕಿಂತ ದೊಡ್ಡ ಕೆಲಸ. ಮೊದಲ ನಾಲ್ಕು ಸುತ್ತು ಕೈಯಲ್ಲೇ ಹೋಗಬೇಕು.

ಬ್ರಾಕೆಟ್: 40×5ರ ಎಂಎಸ್ (ಸಾಧಾರಣ ಉಕ್ಕು) ಪಟ್ಟಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ ಮಾಡಿದ ನಾಲ್ಕು ತುಂಡು. ಮೊದಲು ದಪ್ಪ ರಟ್ಟಿನಲ್ಲಿ ಮಡಚಿ ಗಾಡಿಯಲ್ಲಿಟ್ಟು ನೋಡಿ, ಆ ರಟ್ಟನ್ನೇ ಅಂಗಡಿಗೆ ಕೊಡಿ. ಪೆಟ್ಟಿಗೆಯ ಕಡೆಗೆ ಎಂ8 (8 ಮಿ.ಮೀ.) ಬೋಲ್ಟ್, ಒಂದೊಂದು ಬ್ರಾಕೆಟ್ಟಿಗೆ ಎರಡು.

ಈ ಎಂ8 ಬೋಲ್ಟಿನಲ್ಲೂ ಎಡವಿದ್ದಾಯಿತು. ತಲೆ ಖಾನೆಯ ಒಳಗೆ ಬರುತ್ತದೆ, ಷಟ್ಕೋನ ತಲೆಯ ದಪ್ಪ 5 ಮಿ.ಮೀ.ಗೂ ಹೆಚ್ಚು. ಡ್ರಾಯರಿನ ಪಕ್ಕದ ಸಂದು ಅದಕ್ಕಿಂತ ಕಡಿಮೆ. ಡ್ರಾಯರ್ ಬದಿಗೆ ಉದ್ದಕ್ಕೂ ಗೀರು. ಆಮೇಲೆ ಒಳಬದಿಯನ್ನು ಉಳಿಯಿಂದ 3 ಮಿ.ಮೀ. ಕೆತ್ತಿ 100×60×3ರ ತಗಡು ಸಮಮಟ್ಟಕ್ಕೆ ಕೂರಿಸಿ, ಅದರ ಮೂಲಕ ಚಪ್ಪಟೆ ತಲೆಯ ಸಿಎಸ್‌ಕೆ ಬೋಲ್ಟ್ ಹಾಕಿದ್ದು. ಈ ತಗಡನ್ನು ಬಿಟ್ಟು ಬರೀ ವಾಷರ್ ಕೊಟ್ಟರೆ ಜೋರು ಬ್ರೇಕಿಗೆ ಬೋಲ್ಟ್ ಪ್ಲೈಯನ್ನು ಹರಿದುಕೊಂಡು ಬರಬಹುದು. ಸಾಮಾನು ಸೇರಿ 90 ಕೆಜಿ ಅದು, ಮುಂದೆ ಕೂತಿರುವುದು ಜನ.

ಇನ್ನು ಮೂರು ದಿನ ತಿಂದ ಸಂಗತಿ. ಪೆಟ್ಟಿಗೆ ಮನೆಯ ನೆಲದಲ್ಲಿ ಸರಿಯಾಗಿತ್ತು. ಗಾಡಿಯೊಳಗೆ ಸುಮ್ಮನೆ ಇಟ್ಟಾಗಲೂ ಡ್ರಾಯರ್ ಓಡಿದವು. ನಾಲ್ಕು ಬೋಲ್ಟ್ ಬಿಗಿದ ತಕ್ಷಣ ಬಲ ಡ್ರಾಯರ್ ಕಚ್ಚಿಕೊಂಡಿತು. ಡ್ರಾಯರನ್ನು ಉಜ್ಜಿದ್ದಾಯಿತು, ಪಟ್ಟಿ ಬದಲಿಸಿದ್ದಾಯಿತು, ಎರಡೂ ವ್ಯರ್ಥ. ಬೋಲ್ಟ್ ಸಡಿಲಿಸಿದರೆ ಸರಿ, ಬಿಗಿದರೆ ಕಚ್ಚು. ಡಿಕ್ಕಿಯ ನೆಲ ಸಮತಟ್ಟಾಗಿಲ್ಲ, ಮುಂದಿನ ಬಲಮೂಲೆ ಉಳಿದ ಮೂರಕ್ಕಿಂತ 5 ಮಿ.ಮೀ. ತಗ್ಗು. ಬೋಲ್ಟ್ ಬಿಗಿದಾಗ ಪೆಟ್ಟಿಗೆ ಆ ತಗ್ಗಿಗೆ ಎಳೆದುಕೊಂಡು ತಿರುಚುತ್ತದೆ, ಖಾನೆಯ ಮೂಲೆ ಚೌಕ ತಪ್ಪುತ್ತದೆ.

ಮಾಡಬೇಕಾದ್ದು: ಪೆಟ್ಟಿಗೆ ಇಟ್ಟು, ಬೋಲ್ಟ್ ಹಾಕದೆ ನಾಲ್ಕು ಮೂಲೆಯನ್ನೂ ಅಂಗೈಯಲ್ಲಿ ಒತ್ತಿ. ಕುಟುಕುಟು ಎನ್ನುವ ಮೂಲೆಯ ಅಡಿಗೆ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡು ಕೊಡಿ. ಟೈರ್ ಟ್ಯೂಬಿನ ರಬ್ಬರ್ ಮೆತ್ತಗೆ, ಒಂದು ವಾರಕ್ಕೆ ಕೂತುಹೋಗುತ್ತದೆ. ಅಲುಗದ ಹಾಗಾದ ಮೇಲೆ ನಾಲ್ಕೂ ಬೋಲ್ಟನ್ನು ಬೆರಳ ಬಿಗಿಗೆ ತಂದು, ಎದುರುಬದುರು ಮೂಲೆಯ ಕ್ರಮದಲ್ಲಿ ಅರ್ಧರ್ಧ ಸುತ್ತು ಬಿಗಿಯುತ್ತ, ಪ್ರತಿ ಸಲವೂ ಎರಡೂ ಡ್ರಾಯರ್ ಎಳೆದು ನೋಡಿ. ಯಾವ ಬೋಲ್ಟಿಗೆ ಡ್ರಾಯರ್ ಬಿಗಿಯಾಯಿತೋ ಆ ಮೂಲೆಗೆ ಇನ್ನಷ್ಟು ದಪ್ಪ ಬೇಕು.

ಇಷ್ಟಾದ ಮೇಲೂ ಪಕ್ಕದ ಸಂದಿನ ಪಾಠ ಬಾಕಿ ಇತ್ತು. ಡ್ರಾಯರ್ ಮೊದಲು 468 ಅಗಲವಿತ್ತು, 472ರ ಖಾನೆಯಲ್ಲಿ ಪಕ್ಕಕ್ಕೆ 2 ಮಾತ್ರ. ಸಮನೆಲದಲ್ಲಿ ಸೊಗಸು. ಒಂದು ಹಿಂಚಕ್ರ ಕಲ್ಲಿನ ಮೇಲೆ, ಇನ್ನೊಂದು ಹಳ್ಳದಲ್ಲಿ ಇಟ್ಟು ನಿಲ್ಲಿಸಿದಾಗ ಎರಡೂ ಡ್ರಾಯರ್ ಬಂದ್. ಗಾಡಿಯ ಬಾಡಿಯೇ ಆ ಭಂಗಿಯಲ್ಲಿ ತುಸು ತಿರುಚುತ್ತದೆ. ಪ್ಲೇನರಿನಿಂದ ಎರಡೂ ಬದಿ 2 ಮಿ.ಮೀ. ತೆಗೆದು 464ಕ್ಕೆ ತಂದದ್ದು. ಮೇಲ್ಪದರ ಹೋಗಿ ನೋಡಲು ಕೆಟ್ಟದಾಗಿದೆ, ಮತ್ತೆ ಪಿಯು ಬಳಿದಿದೆ. ಮೇಲಿನ ಕತ್ತರಿಕೆ ಪಟ್ಟಿಯಲ್ಲಿ 464ರ ಲೆಕ್ಕವನ್ನೇ ಕೊಟ್ಟಿದೆ. ಎರಡು ಡ್ರಾಯರ್ ಮುಗಿದ ಮೇಲೆ ಗಾಡಿಯನ್ನೊಮ್ಮೆ ಕಲ್ಲಿನ ಮೇಲೆ ಹತ್ತಿಸಿ ನೋಡಿ, ಆಮೇಲೆ ಕಾರ್ಪೆಟ್.

ಹಂತ 7: ಲಾಕ್ ಮತ್ತು ತಡೆ

ಮೊದಲು ಹಾಕಿದ ಸ್ಪ್ರಿಂಗ್ ಚಿಲಕ ಡ್ರಾಯರನ್ನು ಹಿಡಿಯಿತು, ಆದರೆ ಇಡೀ ದಾರಿ ಗಲಗಲ. ಈಗಿರುವುದು ಕರೆಂಟ್ ಪ್ಯಾನೆಲ್ ಮತ್ತು ಜನರೇಟರ್ ಕ್ಯಾನೋಪಿಯ ಬಾಗಿಲಿಗೆ ಹಾಕುವ, ತಿರುಗಿಸಿದರೆ ಒಳಕ್ಕೆ ಎಳೆದು ಬಿಗಿಯುವ ಲಾಕ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಕ್ಕೆ ₹380 ಕೊಟ್ಟದ್ದು. ಕೊಳ್ಳುವಾಗ 30 ಮಿ.ಮೀ. ದಪ್ಪ ದಾಟುವಷ್ಟು ಕುತ್ತಿಗೆ ಉದ್ದವಿದೆಯೇ ನೋಡಿ, ಹೊರಮುಖ 18 ಮತ್ತು ಒಳಮುಖ 12 ಸೇರಿದರೆ ಅಷ್ಟಾಗುತ್ತದೆ.

ಲಾಕಿನ ನಾಲಿಗೆ ಡ್ರಾಯರಿನ ಒಳಗೆ ಮೇಲ್ಮುಖವಾಗಿ ತಿರುಗಿ, ಮೇಲ್ಹಲಗೆಯ ಅಡಿಗೆ ಹಾಕಿದ 25×25×3ರ ಆಂಗಲ್ ತುಂಡಿನ ಹಿಂದೆ ಕಚ್ಚುತ್ತದೆ. ಡ್ರಾಯರಿನ ಹಿಂಬದಿಹಲಗೆಯನ್ನು 160ಕ್ಕೆ ಇಳಿಸಿದ್ದು ಇದಕ್ಕೇ, ಡ್ರಾಯರ್ ಒಳಗೆ ಹೋಗುವಾಗ ಅದು ಆಂಗಲ್ಲಿನ ಕೆಳಗೆ ನುಸುಳಬೇಕು. ಲಾಕ್ ಇರುವ ಕಡೆ ಸಾಮಾನನ್ನು ಆಂಗಲ್ಲಿಗಿಂತ ಎತ್ತರ ತುಂಬುವಂತಿಲ್ಲ. ಹೊರಮುಖದ ಹಿಂದೆ 3 ಮಿ.ಮೀ. ರಬ್ಬರ್ ಬೀಡಿಂಗ್ ಕೊಟ್ಟರೆ ಲಾಕ್ ಅದನ್ನು ಒತ್ತಿಕೊಂಡು ನಿಲ್ಲುತ್ತದೆ, ಸದ್ದಿಲ್ಲ.

ಪೂರ್ತಿ ಈಚೆ ಬಂದು ಕಾಲ ಮೇಲೆ ಬೀಳದಿರಲು ಬ್ಯಾಗಿನ 25 ಮಿ.ಮೀ. ನಿವಾರ್ ಪಟ್ಟಿ, ಒಂದು ತುದಿ ಡ್ರಾಯರಿನ ಹಿಂಬದಿಗೆ, ಇನ್ನೊಂದು ತಳಹಲಗೆಗೆ. 600 ಹೊರಬಂದಾಗ ತಡೆಯುವಷ್ಟು ಉದ್ದ. ಪಟ್ಟಿಯನ್ನು ಡ್ರಾಯರಿನ ಅಡಿಗೆ ಸಿಗದ ಹಾಗೆ ನಡುವೆ ಒಂದು ಎಲಾಸ್ಟಿಕ್ ಕೊಟ್ಟು ಸುರುಳಿಸಿ.

ಮೇಲ್ಹಲಗೆಯ ಡಿ-ರಿಂಗ್‌ಗಳನ್ನು ಮೊದಲು ಬರೀ ಸ್ಕ್ರೂ ಮೇಲೆ ಕೂರಿಸಿ ಗ್ಯಾಸ್ ಸಿಲಿಂಡರ್ ಬಿಗಿದಿದ್ದಾಯಿತು. ಒಂದು ಕಿತ್ತು ಬಂತು. ಈಗ ರಿಂಗ್‌ಗಳು ಪೆಟ್ಟಿಗೆಗಲ್ಲ, ಪಕ್ಕದ ಕಬ್ಬಿಣದ ಬ್ರಾಕೆಟ್ಟಿಗೇ ಬೋಲ್ಟ್ ಆಗಿವೆ.

ಹಂತ 8: ಕಾರ್ಪೆಟ್

ಎರಡೂವರೆ ಮೀಟರ್ ಸಾಕು. ಮೇಲ್ಹಲಗೆ ಮತ್ತು ಹೊರಮುಖಕ್ಕೆ ಮಾತ್ರ ಅಂಟಿಸಿ. ಡ್ರಾಯರಿನ ಒಳಗೆ ಕಾರ್ಪೆಟ್ ಹಾಕಿದರೆ ಮಳೆಗಾಲದ ಕೆಸರು ಹೋಗುವುದಿಲ್ಲ, ಅಲ್ಲಿ ರಬ್ಬರ್ ಮ್ಯಾಟ್ ಹಾಕಿದರೆ ಎತ್ತಿ ತೊಳೆಯಬಹುದು. ಸಾಧಾರಣ ರಬ್ಬರ್ ಅಂಟು ಬಿಸಿಲಿಗೆ ಬಿಟ್ಟು ಮೂಲೆಗಳು ಎದ್ದವು. ಶಾಖ ತಡೆಯುವ ದರ್ಜೆಯದನ್ನೇ ಕೇಳಿ ತನ್ನಿ, ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ.

ಖರ್ಚು, ಎರಡನೇ ಪೆಟ್ಟಿಗೆ

12 ಮಿ.ಮೀ. ಪ್ಲೈ: ₹3,100
9 ಮಿ.ಮೀ. ಪ್ಲೈ: ₹1,870
ಕತ್ತರಿಕೆ: ₹800
ಎಚ್‌ಡಿಪಿಇ: ₹650
ಬ್ರಾಕೆಟ್, ತಗಡು, ವೆಲ್ಡಿಂಗ್: ₹900
ನಟ್ಟು, ಬೋಲ್ಟು, ವಾಷರ್: ₹480
ಲಾಕ್ ಎರಡು: ₹760
ಸ್ಕ್ರೂ: ₹240
ಮರದ ಅಂಟು: ₹160
ಪಿಯು ಪಾಲಿಶ್: ₹700
ನಿವಾರ್ ಪಟ್ಟಿ: ₹120
ಕಾರ್ಪೆಟ್: ₹1,100
ಕಾರ್ಪೆಟ್ ಅಂಟು: ₹450
ಒಟ್ಟು: ₹11,330

ಸನ್‌ಮೈಕಾ, ರೀಪು, ಕನ್ವೇಯರ್ ಬೆಲ್ಟಿನ ತುಂಡು ಮನೆಯಲ್ಲೇ ಇದ್ದವು, ಇಲ್ಲದಿದ್ದರೆ ಇನ್ನೊಂದು ಐನೂರು ಹಿಡಿಯಿರಿ. ಮೊದಲ ಪೆಟ್ಟಿಗೆಯ ₹13,800ರಲ್ಲಿ ಪ್ಲೈ ₹9,000, ಚಾನೆಲ್ ₹2,300, ಕೂಲಿ ₹2,500.

1,900 ಕಿ.ಮೀ. ಆದ ಮೇಲೆ

ನಾಲ್ಕು ಬೋಲ್ಟಿಗೂ ಬಣ್ಣದ ಗೆರೆ ಎಳೆದು ಇಡಲಾಗಿತ್ತು. ಮೊದಲ 200 ಕಿ.ಮೀ.ಗೆ ಎರಡು ಗೆರೆ ಸರಿದಿದ್ದವು, ರಬ್ಬರ್ ಕೂತದ್ದರಿಂದ. ಮತ್ತೆ ಬಿಗಿದ ಮೇಲೆ ಸರಿದಿಲ್ಲ. ಎಚ್‌ಡಿಪಿಇ ಮೇಲೆ ಸಣ್ಣ ಗೀರುಗಳಿವೆ, ದಪ್ಪ ಕಡಿಮೆಯಾಗಿಲ್ಲ. ಡ್ರಾಯರಿಗೆ 25 ಕೆಜಿ ಮೀರಿಸಿಲ್ಲ. ಭಾರದ ಸಾಮಾನು, ಅಂದರೆ ಹಗ್ಗ, ಶ್ಯಾಕಲ್ (ಕಬ್ಬಿಣದ ಕೊಂಡಿ), ಟೂಲು, ಡ್ರಾಯರಿನ ಒಳತುದಿಗೆ. ಒಲೆ ಪಾತ್ರೆ ಈಚೆಗೆ. ಮೊದಲು ಉಲ್ಟಾ ತುಂಬಿದಾಗ ಅರ್ಧ ಎಳೆದರೆ ಮೂತಿ 10 ಮಿ.ಮೀ. ಜೋಲುತ್ತಿತ್ತು.

ಬಗೆಹರಿಯದೆ ಉಳಿದಿರುವುದು ದೂಳು. ಪಕ್ಕದ 4 ಮಿ.ಮೀ. ಸಂದು ಡ್ರಾಯರ್ ಓಡಲು ಬೇಕು, ಅದರಿಂದಲೇ ಕೆಂಪು ಮಣ್ಣೂ ಒಳಗೆ ಹೋಗುತ್ತದೆ. ಹೊರಮುಖದ ಹಿಂದಿನ ಬೀಡಿಂಗ್ ಮೇಲೆ ಕೆಳಗೆ ತಡೆಯುತ್ತಿದೆ, ಪಕ್ಕಗಳಲ್ಲಿ ಇಲ್ಲ. ಕಿಟಕಿಯ ಅಲ್ಯೂಮಿನಿಯಂ ಸೆಕ್ಷನ್ನಿಗೆ ಹಾಕುವ ಕೂದಲಿನ ಬ್ರಷ್ ಪಟ್ಟಿ ಎರಡು ಮೀಟರ್ ತಂದಿಟ್ಟಿದೆ, ಎಡ ಡ್ರಾಯರಿಗೆ ಮಾತ್ರ ಹಾಕಿ ಬಲದ್ದನ್ನು ಹಾಗೇ ಬಿಟ್ಟು ಮುಂದಿನ ಓಟದಲ್ಲಿ ಎರಡನ್ನೂ ಹೋಲಿಸಿ ನೋಡುವುದು.